ದುಬ್ರೋವ್ನಿಕ್ ಕೋಟೆಯಿಂದ ಅಮ್ಮ ಕಾಣುತ್ತಾಳೆ

ನಮ್ಮಮ್ಮನನ್ನು ನಾವು ಅಕ್ಕ ತಂಗಿ ಒಂದು ಗ್ಯಾಸ್ ಸ್ಟೇಷನ್ನಿನ ಪಾರ್ಕಿಂಗ್ ಲಾಟಿನಲ್ಲಿ ಒಬ್ಬರಿಂದ ಒಬ್ಬರು ವಹಿಸಿಕೊಳ್ಳುತ್ತಿದ್ದೆವು. ನಾನಿರುವುದು ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ, ಅಕ್ಕ ಇರುವುದು ಹ್ಯೂಸ್ಟನ್ನಿನಲ್ಲಿ. ನಡುವೆ ಸೆಂಟರ್‌ವಿಲ್ ಎಂಬ ಸಣ್ಣ ಊರು. ನಾನು ಈ ಕಡೆಯಿಂದ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ, ಅವಳು ಆ ಕಡೆಯಿಂದ ಬರುತ್ತಿದ್ದಳು. ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಸೂಟ್‌ಕೇಸು, ಮಾತ್ರೆ ಡಬ್ಬಿ, ಚಟ್ನಿಪುಡಿ, ಕೊನೆಗೆ ಮುಂದಿನ ಸೀಟಿಗೆ ಅಮ್ಮ. ಆ ಜಾಗ ಫ್ರಿಸ್ಕೋಗಿಂತ ಹ್ಯೂಸ್ಟನ್ನಿಗೆ ಒಂದಷ್ಟು ಮೈಲಿ ಹತ್ತಿರ. ಅಕ್ಕ ಅದನ್ನು ಗಮನಿಸಿರಲಿಲ್ಲ. ನಾನು ಗಮನಿಸಿದ್ದೆ.

ಹೇಳಿಬಿಡುತ್ತೇನೆ, ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಅವಳ ಮನೆ ದೊಡ್ಡದೆಂದಲ್ಲ, ಕಾರು ಹೊಸದೆಂದಲ್ಲ. ಅಂಥದಕ್ಕೆಲ್ಲ ಉರಿದುಕೊಳ್ಳುವಷ್ಟು ಪುರುಸೊತ್ತು ನನಗಿಲ್ಲ. ಉರಿ ಅಮ್ಮನ ವಿಷಯಕ್ಕೆ. ಅಮ್ಮ ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ ಆಗಿದ್ದವಳು. ಅಪ್ಪ ಹೋದ ಮೇಲೆ ಎರಡು ವರ್ಷಕ್ಕೊಮ್ಮೆ ಆರು ತಿಂಗಳಿಗೆ ನಮ್ಮಲ್ಲಿಗೆ ಬರತೊಡಗಿದಳು. ತಿಂಗಳುಗಳನ್ನು ಚೂರೂ ಹೆಚ್ಚುಕಡಿಮೆಯಾಗದಂತೆ ಪಾಲು ಮಾಡುತ್ತಿದ್ದಳು, ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ನನ್ನ ಮನೆಯಲ್ಲಿ ಬೆಳಗ್ಗೆ ಕಾಫಿ ಲೋಟ ಕೈಗೆ ಬಂದ ಕೂಡಲೇ ಅವಳ ಬಾಯಲ್ಲಿ ಬರುತ್ತಿದ್ದದ್ದು ಅಕ್ಕನ ಮನೆ.

"ಅವಳ ಮನೇಲಿ ಬಿಸಿಲು ಅಡಿಗೆಮನೆಗೇ ಬರುತ್ತೆ ಕಣೇ. ಎಷ್ಟು ಹಿತವಾಗಿರುತ್ತೆ ಗೊತ್ತಾ?"

ನನ್ನ ಅಡಿಗೆಮನೆ ಉತ್ತರಕ್ಕಿದೆ. ಮನೆಯನ್ನೇ ತಿರುಗಿಸಿ ಇಡಲಿಕ್ಕಾಗುತ್ತದೆಯೇ?

"ಅವಳು ಎಷ್ಟೇ ಕೆಲಸ ಇರ್ಲಿ, ಸಂಜೆ ನನ್ನ ಜೊತೆ ವಾಕಿಂಗ್ ಬಂದೇ ಬರ್ತಾಳೆ."

ಸರಿ, ಅವತ್ತಿನಿಂದ ನಾನೂ ಮೀಟಿಂಗುಗಳನ್ನು ಅರ್ಧಕ್ಕೆ ಬಿಟ್ಟು ವಾಕಿಂಗ್ ಹೊರಟೆ. ಮೂರನೇ ದಿನ ಅಮ್ಮ ಕಾಲುದಾರಿಯಲ್ಲಿ ನಿಂತು ಆಚೀಚೆ ನೋಡಿ, "ಅಕ್ಕನ ಮನೆ ಹತ್ರ ಕೆರೆ ಇದೆ, ಬಾತುಕೋಳಿ ಇವೆ," ಎಂದಳು. ಫ್ರಿಸ್ಕೋದ ಬಟಾಬಯಲಿನಲ್ಲಿ ಬಾತುಕೋಳಿಯನ್ನು ನಾನು ಎಲ್ಲಿಂದ ತರಲಿ, ಕರ್ಮ.

ಅದು ಎರಡು ಸಾವಿರದ ಹದಿನಾರು. ಆ ಸಲ ಬರುವಾಗ ಅಮ್ಮ ಸೂಟ್‌ಕೇಸಿನಲ್ಲಿ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಅಜ್ಜಿಯ ಪಟ್ಟದ ಗೊಂಬೆಗಳನ್ನು ತಂದಿದ್ದಳು. ನವರಾತ್ರಿಗೆ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಮೊದಲು ಕೂರುವ ರಾಜ ರಾಣಿ ಅವು. ನಮ್ಮ ನಮ್ಮ ಮದುವೆಯಲ್ಲಿ ನಮಗೆ ಹೊಸ ಜೋಡಿ ಕೊಟ್ಟಿದ್ದಳು. ಇದು ಹಳೆಯದು, ಅಜ್ಜಿಯ ಅಮ್ಮನ ಕಾಲದ್ದು, ರಾಣಿಯ ಮೂಗು ಸವೆದುಹೋಗಿದೆ. ಚಿಕ್ಕಂದಿನಲ್ಲಿ ಅದನ್ನು ಮುಟ್ಟಲು ನಾವಿಬ್ಬರೂ ಕಿತ್ತಾಡುತ್ತಿದ್ದೆವು. ಇರುವುದು ಒಂದೇ ಜೋಡಿ, ನಾವು ಇಬ್ಬರು.

ಎರಡೂವರೆ ತಿಂಗಳು ನನ್ನ ಮನೆ, ಎರಡೂವರೆ ತಿಂಗಳು ಅಕ್ಕನ ಮನೆ, ಆಮೇಲೆ ಮೂವರೂ ಸೇರಿ ಒಂದು ವಾರ ಪ್ರವಾಸ. ಕೊನೆಗೆ ಉಳಿದದ್ದು ಮೂರು ವಾರ, ನವರಾತ್ರಿ ಬಂದದ್ದು ಅದರಲ್ಲೇ. ಆ ಮೂರು ವಾರ ಅಮ್ಮ ಯಾರ ಮನೆಯಲ್ಲಿರುತ್ತಾಳೋ ಅಲ್ಲಿ ಅಜ್ಜಿಯ ಗೊಂಬೆ ಕೂರುತ್ತದೆ, ಕೂತದ್ದು ಅಲ್ಲೇ ಉಳಿಯುತ್ತದೆ. ಯಾರ ಮನೆ ಎಂದು ಕೇಳಿದರೆ, "ಊರು ನೋಡ್ಕೊಂಡು ಬರೋಣ, ಆಮೇಲೆ ಹೇಳ್ತೀನಿ," ಎಂದಳು. ಪರೀಕ್ಷೆ ಮುಗಿಯುವ ಮುಂಚೆ ಉತ್ತರ ಹೇಳುವ ಪೈಕಿ ಅಲ್ಲ ಅವಳು.

ಪ್ರವಾಸಕ್ಕೆ ಯೂರೋಪಿನ ದುಬ್ರೋವ್ನಿಕ್ ಎಂದು ಹೇಳಿದ್ದು ನಾನು. ಪ್ಲೇನೋದ ಆಫೀಸಿನಲ್ಲಿ ನನ್ನ ಕಂಪ್ಯೂಟರಿನ ಪಕ್ಕ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರ ಏಳೆಂಟು ವರ್ಷದಿಂದ ಅಂಟಿಕೊಂಡಿತ್ತು. ಸಮುದ್ರದೊಳಕ್ಕೆ ಚಾಚಿಕೊಂಡ ಊರು, ಸುತ್ತ ದಪ್ಪ ಕಲ್ಲಿನ ಕೋಟೆ, ಒಳಗೆ ಕೆಂಪು ಹೆಂಚಿನ ಮನೆಗಳು, ಆ ಗೋಡೆಯ ಮೇಲೆ ಇರುವೆಗಳ ಹಾಗೆ ಜನ ನಡೆಯುತ್ತಿದ್ದಾರೆ. ಒಂದು ದಿನ ನಾನೂ ಆ ಗೋಡೆಯ ಮೇಲೆ ನಡೆಯಬೇಕು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೆಂಚು. ಆ ಆಸೆಯನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಎರಡು ದಿನಕ್ಕೆ ಅವಳು ಟಿಕೆಟ್ಟು, ಮನೆ, ಎಲ್ಲ ಬುಕ್ ಮಾಡಿ, "ಅಮ್ಮನಿಗೆ ಸಮುದ್ರ ಅಂದ್ರೆ ಪ್ರಾಣ, ಅದಕ್ಕೇ ಮಾಡಿಬಿಟ್ಟೆ," ಎಂದಳು. ಆಸೆ ನನ್ನದು, ಒಳ್ಳೆಯ ಹೆಸರು ಅವಳದು. ಅವಳ ಪಾಸ್‌ಪೋರ್ಟು ಅಮೆರಿಕದ್ದು, ವೀಸಾ ಬೇಕಿಲ್ಲ; ನನ್ನದು ಅಮ್ಮನದರ ಹಾಗೆ ಇನ್ನೂ ಭಾರತದ್ದೇ. ನಾನು ವೀಸಾಕ್ಕೆ ಬೆರಳಚ್ಚು ಕೊಡಲು ಹ್ಯೂಸ್ಟನ್ನಿಗೆ ಹೋಗಿ ಅವಳ ಮನೆಯಲ್ಲೇ ಉಳಿಯಬೇಕಾಯಿತು. ಅಡಿಗೆಮನೆಗೆ ನಿಜವಾಗಿಯೂ ಬಿಸಿಲು ಬರುತ್ತಿತ್ತು.

ಹೊರಟದ್ದೂ ಬೇರೆಬೇರೆ. ಆಗ ಅಮ್ಮ ಹ್ಯೂಸ್ಟನ್ನಿನಲ್ಲಿದ್ದಳಲ್ಲ, ಅವರಿಬ್ಬರೂ ಅಲ್ಲಿಂದ ಒಟ್ಟಿಗೆ, ನಾನು ಡಲ್ಲಾಸಿನಿಂದ ಒಬ್ಬಳೇ. ಫ್ರಾಂಕ್‌ಫರ್ಟಿನಲ್ಲಿ ಸೇರಿಕೊಂಡಾಗ ಅಮ್ಮ, "ದಾರಿ ಕಳೆದದ್ದೇ ಗೊತ್ತಾಗ್ಲಿಲ್ಲ, ಇವಳ ಹತ್ರ ಮಾತಾಡ್ತಾ ಮಾತಾಡ್ತಾ," ಎಂದಳು. ನನ್ನ ದಾರಿ ಕಳೆದದ್ದು ನನಗೆ ನಿಮಿಷ ನಿಮಿಷವೂ ಗೊತ್ತಾಗಿತ್ತು.

ದುಬ್ರೋವ್ನಿಕ್ಕಿನಲ್ಲಿ ನಾವು ಇಳಿದುಕೊಂಡದ್ದು ಕೋಟೆಯ ಒಳಗಿನ ಒಂದು ಹಳೆಯ ಮನೆಯ ಮಹಡಿ. ಮೊದಲ ಬೆಳಗ್ಗೆ ಅಕ್ಕ ತನ್ನ ಪೆಟ್ಟಿಗೆಯಿಂದ ಪುಟ್ಟ ರೈಸ್ ಕುಕ್ಕರ್ ತೆಗೆದಳು. ಅಮ್ಮನಿಗೆ ಹೊರಗಿನ ಬ್ರೆಡ್ಡು ಸೇರುವುದಿಲ್ಲ, ಬಿಸಿ ಅನ್ನ ಮಾಡಿ ಸಾರಿನ ಪುಡಿ ಕಲಸಿ ಕೊಡುತ್ತೇನೆ ಎಂದು ಹ್ಯೂಸ್ಟನ್ನಿನಿಂದ ಹೊತ್ತು ತಂದಿದ್ದಳು. ನನಗೇಕೆ ಇದು ಹೊಳೆಯಲಿಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು. ಅವಳು ಅಕ್ಕಿ ತೊಳೆಯಲು ಹೋದಾಗ ಕುಕ್ಕರನ್ನು ತಿರುಗಿಸಿ ತಳ ನೋಡಿದೆ. ಅಮೆರಿಕದ ಕುಕ್ಕರು, ನೂರಿಪ್ಪತ್ತು ವೋಲ್ಟಿನದು. ಆ ಊರಿನ ಗೋಡೆಯಲ್ಲಿರುವುದು ಇನ್ನೂರಮೂವತ್ತು, ನಮ್ಮ ಮೈಸೂರಿನ ಹಾಗೇ. ಆ ಕರೆಂಟಿನಲ್ಲೇ ಹುಟ್ಟಿ ಬೆಳೆದ ನಾವು ಟೆಕ್ಸಾಸಿಗೆ ಬಂದ ಮೇಲೆ ಅದನ್ನು ಮರೆತೇಬಿಟ್ಟಿದ್ದೆವು. ಅಂದರೆ ಅಕ್ಕ ಮರೆತಿದ್ದಳು. ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವಳು, ನನಗೆ ನೆನಪಿತ್ತು.

ಬಾಯಿ ಬಿಡಲಿಲ್ಲ. ಕುಕ್ಕರನ್ನು ಇದ್ದ ಹಾಗೇ ಇಟ್ಟು ಕಿಟಕಿ ನೋಡುತ್ತ ನಿಂತೆ. ಅಕ್ಕ ಸ್ವಿಚ್ ಹಾಕಿದಳು, ಢಬ್ ಎಂದು ಸದ್ದಾಯಿತು, ಸುಟ್ಟ ರಬ್ಬರಿನ ವಾಸನೆ ಎದ್ದಿತು, ಇಡೀ ಮನೆಯ ಕರೆಂಟು ಹೋಯಿತು. ಕೆಳಗಿನಿಂದ ಮನೆಯೊಡತಿ ಏದುಸಿರು ಬಿಡುತ್ತ ಓಡಿಬಂದಳು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಆದರೆ ಅಮ್ಮ ಆ ಕರಕಲಾದ ಕುಕ್ಕರಿನ ಮೇಲೆ ಕೈಯಿಟ್ಟು, "ಪಾಪ, ಎಷ್ಟು ಆಸೆಯಿಂದ ಹೊತ್ಕೊಂಡು ಬಂದಿದ್ಲು!" ಎಂದು ಅಕ್ಕನ ಬೆನ್ನು ಸವರಿದಳು. ಥೂ, ನನ್ನ ಹಣೆಬರಹವೇ! ಸುಟ್ಟರೂ ಗೆದ್ದವಳು ಅವಳೇ.

ಆ ಬೆಳಗ್ಗೆ ಕೋಟೆ ಹತ್ತುವುದೆಂದಾಗಿತ್ತು. ಮುಖ್ಯ ಬಾಗಿಲಿನ ಪಕ್ಕದಲ್ಲೇ ಮೇಲೆ ಹೋಗುವ ಮೆಟ್ಟಿಲು, ಅದರ ಎದುರಿಗೆ ದುಂಡಗಿನ ದೊಡ್ಡ ಕಲ್ಲಿನ ಕಾರಂಜಿ, ಸುತ್ತ ಕೂರಲು ಕಲ್ಲಿನ ಮೆಟ್ಟಿಲು. ಅಲ್ಲಿಂದ ಬಿಳಿ ಕಲ್ಲು ಹಾಸಿದ ಬೀದಿ ಬಂದರಿನವರೆಗೂ ನೇರ ಹೋಗುತ್ತದೆ. ಜನ ತುಳಿದು ತುಳಿದು ಆ ಕಲ್ಲು ಒರೆಸಿಟ್ಟ ನೆಲದ ಹಾಗೆ ಹೊಳೆಯುತ್ತಿತ್ತು. ಅಮ್ಮ ಸೀರೆಗೆ ಸ್ನೀಕರ್ಸ್ ಹಾಕಿಕೊಂಡು ಜೋಪಾನವಾಗಿ ಹೆಜ್ಜೆಯಿಡುತ್ತ ಬಂದು, ಮೇಲಕ್ಕೆ ಕತ್ತೆತ್ತಿ ಮೆಟ್ಟಿಲು ನೋಡಿ, "ನನ್ನ ಮಂಡಿಗೆ ಇದು ಆಗೋದಲ್ಲ. ನೀವಿಬ್ರೂ ಹೋಗಿಬನ್ನಿ, ನಾನು ಇಲ್ಲೇ ಕೂತಿರ್ತೀನಿ," ಎಂದಳು.

"ಗುರುತು ಪರಿಚಯ ಇಲ್ಲದ ಊರಲ್ಲಿ ಒಬ್ಬಳನ್ನೇ ಹೇಗೆ ಬಿಡೋದು?" ಎಂದಳು ಅಕ್ಕ. ನನ್ನ ಕಡೆ ತಿರುಗಿ, "ನೀನು ಹೋಗು ಕಣೇ. ಎಷ್ಟು ವರ್ಷದಿಂದ ಆಸೆಪಟ್ಟಿದ್ದೀಯ. ನಾನು ಅಮ್ಮನ ಜೊತೆ ಇರ್ತೀನಿ. ನಾಳೆ ಬೇಕಾದ್ರೆ ನಾನು ಹತ್ತುತ್ತೀನಿ," ಎಂದಳು.

ಬೇಡವೆಂದರೆ ನಾನು ಹುಚ್ಚಿ. ಹೂಂ ಎಂದರೆ ಎರಡು ಗಂಟೆ ಅಮ್ಮ ಅವಳ ಪಾಲು. ಟಿಕೆಟ್ ತೆಗೆದುಕೊಂಡು ಹತ್ತಿದೆ.

ಮೇಲೆ ಬಂದು ಬಾಗಿಲಿನ ನೆತ್ತಿಯ ಮೇಲೆ ನಿಂತಾಗ ಇಡೀ ಬೀದಿ ಕಾಲ ಕೆಳಗೆ ಬಿಚ್ಚಿಕೊಂಡಿತು. ನಾನು ನೋಡಿದ್ದು ಕಾರಂಜಿಯನ್ನು. ಅಮ್ಮನ ಹಸಿರು ಸೀರೆ, ಪಕ್ಕದಲ್ಲಿ ಅಕ್ಕನ ಕಿತ್ತಳೆ ಟೋಪಿ. ನನ್ನ ಮಗಳು, ಅಕ್ಕನ ಮಗಳು ಇಬ್ಬರೂ ಆಸ್ಟಿನ್ನಿನಲ್ಲಿ ಓದುತ್ತಿದ್ದರು, ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದರು. ಆ ಟೋಪಿ ಅವರ ಕಾಲೇಜಿನದು, ಒಂದು ಮೈಲಿ ದೂರದಿಂದಲೂ ಗುರುತು ಸಿಗುವಂಥ ಬಣ್ಣ. ಅಕ್ಕ ಏನೋ ಹೇಳುತ್ತಿದ್ದಳು, ಅಮ್ಮ ನಗುತ್ತಿದ್ದಳು. ನನ್ನ ಮನೆಯಲ್ಲಿ ಹಾಗೆ ನಕ್ಕಿದ್ದಳೇ? ಲೆಕ್ಕ ಹಾಕುತ್ತ ನಿಂತೆ. ಹಿಂದಿನಿಂದ ಬಂದ ಜನ ಪಕ್ಕಕ್ಕೆ ಸರಿಯಿರಿ ಎಂದು ಗೊಣಗಿದರು.

ಅಲ್ಲಿಂದ ಮುಂದೆ ಗೋಡೆ ಸಮುದ್ರದ ಕಡೆ ತಿರುಗುತ್ತದೆ. ಎತ್ತರದ ಮನೆಗಳು ಅಡ್ಡ ಬಂದು ಕಾರಂಜಿ ಮರೆಯಾಯಿತು. ಬಲಗಡೆ ಸಮುದ್ರ, ಏಳೆಂಟು ವರ್ಷ ನಾನು ದಿಟ್ಟಿಸಿದ್ದ ಅದೇ ಸಮುದ್ರ, ಬಂಡೆಗಳ ಮೇಲಿಂದ ಹುಡುಗರು ಧುಮುಕುತ್ತಿದ್ದರು. ನಾನು ಎಡಗಡೆಗೇ ಇಣುಕುತ್ತ ನಡೆದೆ. ಯಾರದೋ ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ, ನಿಂಬೆ ಗಿಡ, ಹೆಂಚಿನ ಮೇಲೆ ಮಲಗಿದ ಬೆಕ್ಕು. ಹೆಂಚುಗಳಲ್ಲಿ ಕೆಲವು ಹಳೆಯವು, ಬಣ್ಣ ಮಾಸಿದವು, ಹೆಚ್ಚಿನವು ತೊಂಬತ್ತೊಂದರ ಯುದ್ಧದ ನಂತರ ಹೊಸದಾಗಿ ಹೊದಿಸಿದವು. ಫಿರಂಗಿ ಗುಂಡು ಬಿದ್ದು ಅರ್ಧಕ್ಕರ್ಧ ಊರಿನ ಸೂರು ಹಾರಿಹೋದ ಕಥೆಯನ್ನು ಯಾರೋ ಗೈಡು ಹೇಳುತ್ತಿದ್ದ. ಅಷ್ಟೆಲ್ಲ ನೋವು ಕಂಡ ಊರಿನ ನೆತ್ತಿಯ ಮೇಲೆ ನಿಂತು ನಾನು ಯೋಚಿಸುತ್ತಿದ್ದದ್ದು, ಅಮ್ಮ ಈಗ ಅಕ್ಕನಿಗೆ ಗೊಂಬೆ ವಿಷಯ ಹೇಳಿರುತ್ತಾಳಾ, ಇಲ್ಲವಾ ಎಂದು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ತಡೆಯಲಾಗದೆ ವಾಪಸ್ ತಿರುಗಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾವಲಿನವನೊಬ್ಬ ಕೈ ಅಡ್ಡ ಹಿಡಿದ. ಆ ಗೋಡೆಯ ಮೇಲೆ ಒಂದೇ ದಿಕ್ಕಿನಲ್ಲಿ ನಡೆಯಬೇಕಂತೆ. ಹತ್ತಿದ ಮೇಲೆ ಊರು ಪೂರ್ತಿ ಸುತ್ತಲೇಬೇಕು. "ನಮ್ಮಮ್ಮ ಕಾಯ್ತಿದಾಳೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನನ್ನ ವಯಸ್ಸನ್ನು ಒಮ್ಮೆ ನೋಡಿ, ಮುಂದೆ ಹೋಗಿ ಎಂದು ಕೈ ತೋರಿಸಿದ.

ಬಂದರು ದಾಟಿ, ಬಿಸಿಲಲ್ಲಿ ಬೆವರುತ್ತ ಬೆಟ್ಟದ ಕಡೆಯ ಗೋಡೆ ಹತ್ತಿ, ಎಲ್ಲಕ್ಕಿಂತ ಎತ್ತರದ ಗೋಪುರ ಮುಟ್ಟಿ, ಕೆಳಕ್ಕಿಳಿಯುವ ಕೊನೆಯ ತಿರುವಿಗೆ ಬಂದಾಗ ಕಾರಂಜಿ ಮತ್ತೆ ಕಂಡಿತು. ಫೋನ್ ತೆಗೆದು ಜೂಮ್ ಮಾಡಿದೆ. ಅಕ್ಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಮ್ಮನ ಭುಜದ ಮೇಲೆ ತಲೆಯಿಟ್ಟಿದ್ದಳು. ಐವತ್ತರ ಹತ್ತಿರ ಬಂದ ಹೆಂಗಸು, ಮಗುವಿನ ಹಾಗೆ! ಅಮ್ಮನ ಕೈ ಅವಳ ಕೂದಲಿನಲ್ಲಿತ್ತು. ನನ್ನ ಕಣ್ಣು ತುಂಬಿಬಂತು. ಮುಗಿಯಿತು, ಗೊಂಬೆ ಹ್ಯೂಸ್ಟನ್ನಿಗೇ ಎಂದುಕೊಂಡೆ. ಒಂದಲ್ಲ ಎರಡಲ್ಲ, ಹದಿನೆಂಟು ಫೋಟೋ ತೆಗೆದೆ, ಏನಕ್ಕೆಂದು ದೇವರಿಗೇ ಗೊತ್ತು.

ಕೆಳಗೆ ಬಂದಾಗ ಅಕ್ಕ ನೆಟ್ಟಗೆ ಕೂತು ಐಸ್‌ಕ್ರೀಂ ತಿನ್ನುತ್ತಿದ್ದಳು.

"ಹೇಗಿತ್ತೇ?"

"ಚೆನ್ನಾಗಿತ್ತು."

"ಸಮುದ್ರ?"

"ಇತ್ತು," ಎಂದೆ.

ಮಾರನೆಯ ದಿನ ಅಕ್ಕನ ಸರದಿ. ಅವಳು ಯಾಕೋ ಹಿಂದೆಮುಂದೆ ನೋಡಿದಳು. ಬಿಸಿಲು ಜಾಸ್ತಿ, ಕಾಲು ನೋವು ಎಂದಳು. "ಹೋಗು ಹೋಗು, ಅಷ್ಟು ದೂರ ಬಂದು ನೋಡದೇ ಇದ್ರೆ ಹೇಗೆ?" ಎಂದು ನಾನೇ ಟಿಕೆಟ್ ತಂದು ಕೈಗಿಟ್ಟೆ. ಅವಳು ಮೆಟ್ಟಿಲೇರಿ ಮರೆಯಾದ ಮೇಲೆ ಅಮ್ಮನ ಪಕ್ಕ ಅಂಟಿಕೊಂಡು ಕೂತೆ. ಅಂತೂ ಎರಡು ಗಂಟೆ ನನ್ನದು.

ಆ ಎರಡು ಗಂಟೆ ಅಮ್ಮ ಏನು ಮಾತಾಡಿದಳೆನ್ನುತ್ತೀರಿ? ಅಕ್ಕ. ಅಕ್ಕನ ತೋಟದ ಕರಿಬೇವು, ಅಕ್ಕನ ಬಿಪಿ, ಅಕ್ಕ ಬಾತುಕೋಳಿಗೆ ಹಾಕುವ ಕಾಳು. ನಾನು ಹೂಂ ಹೂಂ ಎನ್ನುತ್ತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕೊನೆಗೊಮ್ಮೆ ಕತ್ತೆತ್ತಿದಾಗ ಗೋಪುರದ ಕೆಳಗಿನ ಆ ತಿರುವಿನಲ್ಲಿ ಕಿತ್ತಳೆ ಟೋಪಿ ಕಂಡಿತು. ಅದು ಸಮುದ್ರದ ಕಡೆಯಲ್ಲ, ಒಳಗಡೆಗೆ, ನಮ್ಮ ಕಡೆಗೇ ಬಗ್ಗಿ ನಿಂತಿತ್ತು. ಕೈಯಲ್ಲಿ ಏನೋ ಹೊಳೆಯಿತು. ಫೋನು.

ಯೋಚನೆ ಮಾಡಲಿಲ್ಲ. ಮೆಲ್ಲಗೆ ಅಮ್ಮನ ಭುಜದ ಮೇಲೆ ತಲೆಯಿಟ್ಟೆ. ಅವಳ ಕೈ ತೆಗೆದು ನನ್ನ ತಲೆಯ ಮೇಲೆ ನಾನೇ ಇಟ್ಟುಕೊಂಡೆ. ನೋಡಲಿ, ಚೆನ್ನಾಗಿ ನೋಡಲಿ. ಒಳಗೆ ಎಂಥ ತಂಪು ಅಂತೀರಿ!

ಅಮ್ಮ ಬೀದಿಯ ಕಡೆಗೇ ನೋಡುತ್ತ, ಮುಖದಲ್ಲಿ ಏನೂ ತೋರಿಸದೆ, "ಇನ್ನೂ ಅಲ್ಲೇ ನಿಂತಿದಾಳಾ?" ಎಂದು ಕೇಳಿದಳು.

ತಲೆ ಎತ್ತದೆಯೇ ಕೇಳಿದೆ.

"ಯಾರು?"

"ನಿನ್ನೆ ಅವಳೂ ಹೀಗೇ ಮಾಡಿದ್ಲು. ನೀನು ಆ ಮೂಲೆಗೆ ಬರೋವರೆಗೂ ಚೆನ್ನಾಗೇ ಕೂತಿದ್ಲು. ನೀನು ಕಂಡ ತಕ್ಷಣ ಟೋಪಿ ತೆಗೆದು ಇದೇ ಭುಜಕ್ಕೆ ಒರಗಿದ್ಲು. ನೀನು ಇಳಿಯೋಕೆ ಶುರು ಮಾಡಿದ ಮೇಲೆ ಎದ್ದು ಹೋಗಿ ಐಸ್‌ಕ್ರೀಂ ತಂದ್ಲು." ಭುಜವನ್ನು ಸ್ವಲ್ಪ ಅಲ್ಲಾಡಿಸಿದಳು. "ನೋಯುತ್ತೆ ಕಣೇ. ಏಳು."

ಎದ್ದೆ. ಮೂವತ್ತು ವರ್ಷ ಬೋರ್ಡಿಗೆ ಮುಖ ಮಾಡಿಯೇ ಹಿಂದಿನ ಬೆಂಚಿನವರನ್ನು ಹಿಡಿಯುತ್ತಿದ್ದವಳು ಅವಳು. ನಾನು ಅದನ್ನು ಮರೆತಿದ್ದೆ.

"ಕುಕ್ಕರ್ ತಳ ನೋಡಿ ಸುಮ್ನಾದೆಯಲ್ಲ, ಅದನ್ನೂ ನೋಡಿದೆ," ಎಂದಳು. "ಹೇಳಬಾರದಾಗಿತ್ತಾ? ಪಾಪ, ಅವಳ ಕೈ ಸುಟ್ಟಿದ್ರೆ?"

ತಲೆ ತಗ್ಗಿಸಿದೆ. ತಗ್ಗಿಸಿದರೂ ಬಾಯಿ ಸುಮ್ಮನಿರಲಿಲ್ಲ. ಇಷ್ಟು ವರ್ಷದ್ದು ಒಟ್ಟಿಗೇ ಹೊರಬಂತು. "ನಿನಗೆ ಯಾವಾಗ್ಲೂ ಅವಳೇ, ಅಮ್ಮ. ನನ್ನ ಮನೇಲಿ ಕೂತು ಬೆಳಗ್ಗೆ ಎದ್ರೆ ಅವಳ ಅಡಿಗೆಮನೆ, ಸಂಜೆಯಾದ್ರೆ ಅವಳ ಕೆರೆ. ಒಂದು ದಿನನಾದ್ರೂ ನಿನ್ನದು ಚೆನ್ನಾಗಿದೆ ಅಂದಿದ್ದೀಯಾ?"

ಅಮ್ಮ ನನ್ನನ್ನು ತಿರುಗಿ ನೋಡಿದಳು, ಆಶ್ಚರ್ಯದಿಂದ. "ನಿನ್ನ ಸುದ್ದಿ ನಿನ್ನ ಹತ್ರಾನೇ ಏನಂತ ಹೇಳೋದೇ? ಅದನ್ನ ಅವಳ ಹತ್ರ ಹೇಳ್ತೀನಿ. ನಿನ್ನ ಚಪಾತಿ, ನಿನ್ನ ಗಂಡ ಬೆಳಗ್ಗೆ ಮಾಡಿಕೊಡೋ ಕಾಫಿ, ನೀನು ಮೀಟಿಂಗ್ ಬಿಟ್ಟು ವಾಕಿಂಗ್ ಬರೋದು. ಅವಳೂ ಹೀಗೇ ಮುಖ ಊದಿಸ್ಕೋತಾಳೆ. ನಿನ್ನೆ ಇದೇ ಕಲ್ಲಿನ ಮೇಲೆ ಕೂತು ಇದೇ ಮಾತು ಕೇಳಿದ್ಲು, ನಿನಗೆ ಯಾವಾಗ್ಲೂ ಅವಳೇ ಅಂತ."

ಅಕ್ಕ ಹ್ಯೂಸ್ಟನ್ನಿನಲ್ಲಿ ನನ್ನ ಗಂಡನ ಕಾಫಿಯ ಬಗ್ಗೆ ಕೇಳಿ ಕೇಳಿ ಉರಿದುಕೊಳ್ಳುತ್ತಿದ್ದ ಚಿತ್ರ ಕಣ್ಣಿಗೆ ಬಂತು. ನಿಜ ಹೇಳಬೇಕೆಂದರೆ ಅದೂ ಹಿತವಾಗಿಯೇ ಇತ್ತು.

"ಮೂರು ವಾರ ನಿಮ್ಮಿಬ್ಬರಲ್ಲಿ ಯಾರ ಮನೆಗೂ ಬರಲ್ಲ," ಎಂದಳು ಅಮ್ಮ. "ನಾನು ಆಸ್ಟಿನ್‌ಗೆ ಹೋಗ್ತೀನಿ, ಮಕ್ಕಳ ಹತ್ರ. ಗೊಂಬೆ ಅಲ್ಲೇ ಕೂರಿಸ್ತೀನಿ."

"ಆ ಹುಡುಗೀರ ಹತ್ರನಾ? ಕನ್ನಡದಲ್ಲಿ ನಾಲ್ಕು ಮಾತಾಡೋಕೆ ಬರಲ್ಲ ಅವಕ್ಕೆ!"

"ಕೇಳೋಕೆ ಬರುತ್ತಲ್ಲ. ಸಾಕು."

ಅಷ್ಟರಲ್ಲಿ ಅಕ್ಕ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ಅವಳ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಹಿಂದಿನ ದಿನ ಅದೇ ಮುಖ ಹೊತ್ತುಕೊಂಡು ಇಳಿದವಳು ನಾನು. "ಸಮುದ್ರ ಹೇಗಿತ್ತು?" ಎಂದು ಕೇಳಿದೆ. "ಇತ್ತು," ಎಂದಳು.

ಆಫೀಸಿಗೆ ವಾಪಸಾದ ದಿನ ಪಕ್ಕದ ಕುರ್ಚಿಯವಳು ಫೋಟೋ ತೋರಿಸು ಎಂದಳು. ಫೋನ್ ತೆಗೆದು ಹುಡುಕಿದೆ. ಕೋಟೆಯ ಮೇಲಿಂದ ತೆಗೆದದ್ದರಲ್ಲಿ ಸಮುದ್ರದ ಒಂದು ಫೋಟೋವೂ ಇರಲಿಲ್ಲ. ಎಲ್ಲವೂ ಒಡೆದೊಡೆದು ಹೋದ ಹಸಿರು ಚುಕ್ಕೆ, ಕಿತ್ತಳೆ ಚುಕ್ಕೆ. ಕ್ಯಾಲೆಂಡರಿನ ಚಿತ್ರವನ್ನೇ ತೋರಿಸಿ, ಹೀಗೇ ಇತ್ತು ಎಂದೆ.

ಪ್ರವಾಸದಿಂದ ಬಂದ ವಾರವೇ, ನವರಾತ್ರಿಗೆ ಎರಡು ದಿನ ಮುಂಚೆ ಅಮ್ಮನನ್ನು ಆಸ್ಟಿನ್ನಿಗೆ ಬಿಟ್ಟುಬರಲು ಅಕ್ಕನೂ ನಾನೂ ಇಬ್ಬರೂ ಹೋದೆವು, ಎರಡು ಕಾರಿನಲ್ಲಿ. ಮಕ್ಕಳು ಪುಸ್ತಕ, ರಟ್ಟಿನ ಪೆಟ್ಟಿಗೆ ಒಂದರ ಮೇಲೊಂದು ಜೋಡಿಸಿ ಮೆಟ್ಟಿಲು ಮಾಡಿಟ್ಟಿದ್ದರು. ಅಮ್ಮ ಸೀರೆ ಬಿಚ್ಚಿ ಮೂಗು ಸವೆದ ರಾಣಿಯನ್ನೂ ರಾಜನನ್ನೂ ಆ ರಟ್ಟಿನ ಮೇಲೆ ಇಟ್ಟಳು. ಯಾರೂ ಕಿತ್ತಾಡಲಿಲ್ಲ. ಆಮೇಲೆ, "ಕತ್ತಲಾಗೋದ್ರೊಳಗೆ ಹೊರಡಿ, ದೂರ ಇದೆ," ಎಂದು ನಮ್ಮಿಬ್ಬರನ್ನೂ ಎಬ್ಬಿಸಿ ಕಳಿಸಿದಳು.

ಕೆಳಗೆ ಪಾರ್ಕಿಂಗಿಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ಇಬ್ಬರೂ ಒಟ್ಟಿಗೇ ತಲೆಯೆತ್ತಿದೆವು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಮೂವರೂ ಚಾಪೆ ಹಾಸಿಕೊಂಡು ಕೂತಿದ್ದರು. ಅಮ್ಮ ಏನೋ ಕಥೆ ಹೇಳುತ್ತಿದ್ದಳು. ಅಕ್ಕನ ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು. ನನ್ನ ಮಗಳು ಅಮ್ಮನ ಭುಜಕ್ಕೆ ಒರಗಿದ್ದಳು, ಅಮ್ಮನ ಕೈ ಅವಳ ಕೂದಲಿನಲ್ಲಿತ್ತು.

"ನಿನ್ನ ಮಗಳು ನೋಡೇ, ಹೇಗೆ ಒರಗಿದಾಳೆ," ಎಂದಳು ಅಕ್ಕ.

"ನಿನ್ನ ಮಗಳೇನು ಕಮ್ಮಿನಾ?" ಎಂದೆ.

ಕಾರಿನ ಕೀ ಕೈಯಲ್ಲಿ ಹಿಡಿದುಕೊಂಡು ಇಬ್ಬರೂ ನೋಡುತ್ತ ನಿಂತೆವು, ಸಾಕಷ್ಟು ಹೊತ್ತು. ಆ ಹುಡುಗಿಯರು ಒಂದು ಸಲವೂ ಕೆಳಗೆ ನೋಡಲಿಲ್ಲ.